ಹಡಗೇರುವ ದಿನ: ಉಡುಪಿನ ಚಿಂತೆ, ಹಾಜರಿಯ ಹೊಣೆ

ವಿಹಾರ ನೌಕೆಯ ಪ್ರವಾಸವೆಂದರೆ ಶ್ರೀಮಂತರಿಗಷ್ಟೇ ಮೀಸಲು ಎಂಬ ಭಾವನೆ ನಮ್ಮಲ್ಲಿ ಬಹುಕಾಲ ಇತ್ತು. ಅದು ಈಗ ಸಡಿಲವಾಗುತ್ತಿದೆ. 2021ರಿಂದ ಮುಂಬೈ ಬಂದರಿನಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ಭಾರತೀಯ ಪ್ರವಾಸಿಗರನ್ನೇ ನೆಚ್ಚಿಕೊಂಡ ಹಡಗಿನ ಯಾನಗಳು ನಡೆದಿವೆ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ‘ಕ್ರೂಸ್ ಭಾರತ್ ಮಿಷನ್’ ಎಂಬ ಯೋಜನೆಯನ್ನು ಆರಂಭಿಸಿ, 2029ರ ವೇಳೆಗೆ ಇಂತಹ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಇರಿಸಿಕೊಂಡಿದೆ. ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ವಿಮಾನಯಾನದ ದೂರದಲ್ಲಿರುವ ಸಿಂಗಪುರದಿಂದ ಹೊರಡುವ ಬೃಹತ್ ನೌಕೆಗಳಲ್ಲಿ ಭಾರತೀಯ ಕುಟುಂಬಗಳು ಕಾಣಸಿಗುವುದು ಈಗ ವಿಶೇಷವೇನೂ ಅಲ್ಲ. ಮಕ್ಕಳು ಕಳುಹಿಸಿದ ಹಣದಲ್ಲಿಯೋ, ನಿವೃತ್ತಿಯ ಉಳಿತಾಯದಲ್ಲಿಯೋ ಮೊದಲ ಬಾರಿಗೆ ಹಡಗು ಹತ್ತುವ ಹಿರಿಯ ದಂಪತಿಗಳು ಅವರಲ್ಲಿ ಸಾಕಷ್ಟು ಮಂದಿ.

ಎರಡು ವರ್ಷಗಳ ಹಿಂದೆ ನಾನೂ ನನ್ನ ಪತ್ನಿಯೂ ಮಗನ ಸಂಸಾರದೊಡನೆ ಸಿಂಗಪುರದಿಂದ ಇಂತಹದೊಂದು ಯಾನ ಕೈಗೊಂಡೆವು. ಅಂದಿನಿಂದ ಬೆಳಗಿನ ವಾಯುವಿಹಾರದ ಗೆಳೆಯರು, ಬಂಧುಗಳು, ನಿವೃತ್ತ ಸಹೋದ್ಯೋಗಿಗಳು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಮೊದಲನೆಯದು ಒಂದೇ: ‘ಹಡಗು ಹತ್ತುವ ದಿನ ಏನು ಹಾಕಿಕೊಳ್ಳಬೇಕು?’ ಸೀರೆ ಉಡಬಹುದೇ, ಕೋಟು ಬೇಕೇ, ಚಪ್ಪಲಿ ಹಾಕಿದರೆ ಒಳಗೆ ಬಿಡುವರೇ ಎಂಬುದೆಲ್ಲ ಅದರ ಉಪಪ್ರಶ್ನೆಗಳು. ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಪರಿಚಿತ ಸಭೆಗೆ ಕಾಲಿಡುವವನಿಗೆ ತಾನು ನಗೆಪಾಟಲಾಗಬಾರದೆಂಬ ಅಳುಕು ಸಹಜವಾದುದೇ. ಆದರೆ ಆ ದಿನ ಮಾಡಬೇಕಾದ ಕೆಲಸಗಳಲ್ಲಿ ಉಡುಪಿನದು ಅತ್ಯಂತ ಸುಲಭವಾದದ್ದು. ಯಾರೂ ಕೇಳದ ಇನ್ನೊಂದು ಕೆಲಸ ಅತ್ಯಂತ ಮುಖ್ಯವಾದದ್ದು. ಆ ಎರಡನ್ನೂ ಅವುಗಳ ತೂಕಕ್ಕೆ ತಕ್ಕಂತೆ ವಿವರಿಸುವುದು ಈ ಲೇಖನದ ಉದ್ದೇಶ.

ಬಿಳಿಯ ಉಡುಪಿನ ಪಾಠ

ಮೊದಲ ಹಡಗುಯಾನದ ಉಡುಪಿನ ಪೇಚಾಟ ನಮ್ಮ ಕಾಲದ್ದೇನೂ ಅಲ್ಲ. 1888ರ ಸೆಪ್ಟೆಂಬರ್ 4ರಂದು ಮುಂಬೈಯಿಂದ ‘ಕ್ಲೈಡ್’ ಎಂಬ ಹಡಗನ್ನು ಹತ್ತಿ ಇಂಗ್ಲೆಂಡಿಗೆ ಹೊರಟ, ಹತ್ತೊಂಬತ್ತು ತುಂಬಲು ಇನ್ನೂ ಕೆಲವೇ ದಿನಗಳಿದ್ದ ಮೋಹನದಾಸ ಗಾಂಧಿ ಇದನ್ನು ತಮ್ಮ ಆತ್ಮಕಥೆಯಲ್ಲಿ ನಿರ್ಮಮವಾಗಿ ದಾಖಲಿಸಿದ್ದಾರೆ. ಯಾನದುದ್ದಕ್ಕೂ ಅವರು ಕಪ್ಪು ಸೂಟು ಧರಿಸಿದರು. ಸ್ನೇಹಿತರು ಒದಗಿಸಿಕೊಟ್ಟಿದ್ದ ಬಿಳಿಯ ಫ್ಲಾನೆಲ್ ಉಡುಪನ್ನು ದಡ ಸೇರುವ ದಿನಕ್ಕೆಂದು ಜೋಪಾನವಾಗಿ ಎತ್ತಿಟ್ಟರು. ಸೆಪ್ಟೆಂಬರ್ ಕೊನೆಯ ಇಂಗ್ಲೆಂಡಿನಲ್ಲಿ ಇಳಿದಾಗ ಬಿಳಿಯ ಉಡುಪಿನಲ್ಲಿದ್ದವರು ತಾವೊಬ್ಬರೇ ಎಂಬುದು ಅವರ ಅರಿವಿಗೆ ಬಂತು. ಬದಲಿಸೋಣವೆಂದರೆ, ಉಳಿದವರೆಲ್ಲ ಮಾಡಿದಂತೆ ಅವರೂ ತಮ್ಮ ಸಾಮಾನನ್ನೆಲ್ಲ, ಬೀಗದ ಕೈಗಳ ಸಮೇತ, ಸಾಗಣೆ ಕಂಪೆನಿಯ ಏಜೆಂಟನಿಗೆ ಒಪ್ಪಿಸಿಬಿಟ್ಟಿದ್ದರು. ಅಂದು ಶನಿವಾರ. ಮರುದಿನ ಭಾನುವಾರವಾದ್ದರಿಂದ ಸಾಮಾನು ಸೋಮವಾರದವರೆಗೆ ಕೈಸೇರುವಂತಿರಲಿಲ್ಲ.

ಹಡಗಿನ ಮೊದಲ ದಿನದ ಬಗ್ಗೆ ತಿಳಿಯಬೇಕಾದ ಎರಡು ವ್ಯಾವಹಾರಿಕ ಸಂಗತಿಗಳೂ ಈ ಪ್ರಸಂಗದಲ್ಲಿವೆ. ಉಡುಪು ಋತುಮಾನಕ್ಕೂ ಮಾಡಬೇಕಾದ ಕೆಲಸಕ್ಕೂ ಹೊಂದಬೇಕು ಎಂಬುದು ಒಂದು. ಒಮ್ಮೆ ಒಪ್ಪಿಸಿದ ಪೆಟ್ಟಿಗೆ ನಾವು ಬಯಸಿದ ಗಳಿಗೆಯಲ್ಲಿ ಹಿಂದಿರುಗುವುದಿಲ್ಲ ಎಂಬುದು ಇನ್ನೊಂದು. ಸುಮಾರು 140 ವರ್ಷಗಳ ಬಳಿಕವೂ ಈ ಎರಡೂ ಮಾತುಗಳು ಹಾಗೆಯೇ ಉಳಿದಿವೆ.

ಹಡಗು ಕಾಯುವುದಿಲ್ಲ

ಮೊದಲು ಸಮಯದ ವಿಚಾರ. ರೈಲು ತಪ್ಪಿದರೆ ಮುಂದಿನ ರೈಲು ಉಂಟು. ಹಡಗು ತಪ್ಪಿದರೆ ಇಡೀ ಪ್ರವಾಸವೇ ತಪ್ಪಿದಂತೆ. ಹೊರಡುವ ವೇಳೆಗೆ ಒಂದು ಒಂದೂವರೆ ಗಂಟೆ ಮುಂಚಿತವಾಗಿಯೇ ಪ್ರವೇಶ ಮುಚ್ಚುವುದು ವಾಡಿಕೆ. ಆದ್ದರಿಂದ ಹಡಗೇರುವ ದಿನ ಬೆಳಿಗ್ಗೆಯೇ ವಿಮಾನದಿಂದ ಇಳಿದು ನೇರವಾಗಿ ಬಂದರಿಗೆ ಹೋಗುವ ಯೋಜನೆ ಕಾಗದದ ಮೇಲೆ ಒಂದು ದಿನದ ಹೋಟೆಲ್ ಖರ್ಚನ್ನು ಉಳಿಸುತ್ತದೆಯಾದರೂ, ಮಂಜಿನಿಂದಲೋ ಮಳೆಯಿಂದಲೋ ವಿಮಾನ ಮೂರು ಗಂಟೆ ತಡವಾದರೆ ಇಡೀ ಪ್ರವಾಸದ ಹಣವನ್ನೇ ನುಂಗುತ್ತದೆ. ಸಣ್ಣ ವೆಚ್ಚವೊಂದನ್ನು ಭರಿಸಿ ದೊಡ್ಡ ನಷ್ಟದ ಸಂಭವವನ್ನು ತಪ್ಪಿಸುವುದಕ್ಕೆ ಅರ್ಥಶಾಸ್ತ್ರದಲ್ಲಿ ವಿಮೆ ಎನ್ನುತ್ತಾರೆ. ಹಿಂದಿನ ದಿನವೇ ಆ ಊರನ್ನು ತಲುಪುವುದು ಅಂತಹ ವಿಮೆ. ನಾವು ಹಿಂದಿನ ಸಂಜೆ ಸಿಂಗಪುರ ತಲುಪಿ, ರಾತ್ರಿ ಚೆನ್ನಾಗಿ ನಿದ್ರಿಸಿ, ಮರುದಿನ ನೆಮ್ಮದಿಯಿಂದ ಬಂದರಿಗೆ ಹೋದೆವು.

ಇನ್ನು ಕಾಗದಪತ್ರಗಳು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಸಿಂಗಪುರದಿಂದ ಹೊರಡುವವರು ಗಮನಿಸಬೇಕಾದ ಅಂಶವೊಂದಿದೆ: ಹಡಗು ಹತ್ತಿದೊಡನೆ ಆ ದೇಶವನ್ನು ಬಿಟ್ಟಂತೆ, ಮೂರು ನಾಲ್ಕು ದಿನಗಳ ಬಳಿಕ ಮರಳಿ ಇಳಿಯುವಾಗ ಅದು ಎರಡನೆಯ ಪ್ರವೇಶ. ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶಗಳಿಗೆ ಅವಕಾಶ ನೀಡುವಂತಹುದೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ನಡುವೆ ಹಡಗು ತಂಗುವ ಬಂದರುಗಳ ದೇಶಗಳಿಗೂ ತಮ್ಮದೇ ನಿಯಮಗಳುಂಟು. ಮುಂಬೈಯಿಂದ ಹೊರಡುವ ದೇಶದೊಳಗಿನ ಯಾನಕ್ಕೆ ಪಾಸ್‌ಪೋರ್ಟ್ ಬೇಡವಾದರೂ ಭಾವಚಿತ್ರವಿರುವ ಮೂಲ ಗುರುತಿನ ಚೀಟಿ ಬೇಕು. ಜೆರಾಕ್ಸ್ ಪ್ರತಿಯನ್ನು ನಂಬಿಕೊಂಡು ಹೋಗುವುದು ವಿವೇಕವಲ್ಲ.

2012ರಲ್ಲಿ ತೆರೆದ ಮರೀನಾ ಬೇ ನೌಕಾ ನಿಲ್ದಾಣ ನೋಡುವುದಕ್ಕೆ ವಿಮಾನ ನಿಲ್ದಾಣದಂತೆಯೇ ಇದೆ. ಪ್ರತಿ ಕುಟುಂಬಕ್ಕೂ ಬರಬೇಕಾದ ಗಂಟೆಯನ್ನು ಹಡಗಿನ ಕಂಪೆನಿ ಮೊದಲೇ ಗೊತ್ತುಮಾಡಿರುತ್ತದೆ. ನಮ್ಮವರಲ್ಲಿ ಅನೇಕರು ಇದನ್ನು ಶಿಫಾರಸು ಎಂದು ತಿಳಿಯುತ್ತಾರೆಯೇ ಹೊರತು ನಿಯಮವೆಂದು ತಿಳಿಯುವುದಿಲ್ಲ. ಮೂರು ನಾಲ್ಕು ಸಾವಿರ ಜನರನ್ನು ಐದಾರು ಗಂಟೆಗಳಲ್ಲಿ ಒಳಗೆ ಸೇರಿಸಬೇಕಾದಲ್ಲಿ, ಎಲ್ಲರೂ ಮೊದಲಿಗರಾಗಬೇಕೆಂದು ಬಯಸಿದರೆ ಎಲ್ಲರೂ ಕಡೆಯವರಾಗುತ್ತಾರೆ. ಪಡಿತರ ಅಂಗಡಿಯ ಸಾಲಿನಿಂದ ಹಿಡಿದು ಚುನಾವಣೆಯ ಮತಗಟ್ಟೆಯ ಸಾಲಿನವರೆಗೆ ಸರ್ಕಾರಿ ಸೇವೆಯಲ್ಲಿ ನಾನು ಕಂಡ ಸರಳ ಸತ್ಯ ಇದು. ಕೊಟ್ಟ ಗಂಟೆಗೆ ಹೋದ ನಮಗೆ ಬಾಗಿಲಿನಿಂದ ಹಡಗಿನ ಒಳಗೆ ಕಾಲಿಡಲು ನಲವತ್ತು ನಿಮಿಷವೂ ಹಿಡಿಯಲಿಲ್ಲ.

ಕೈಚೀಲದ ಮಹತ್ವ

ನಿಲ್ದಾಣದ ಬಾಗಿಲಲ್ಲಿಯೇ ದೊಡ್ಡ ಪೆಟ್ಟಿಗೆಗಳನ್ನು, ಕೋಣೆಯ ಸಂಖ್ಯೆಯ ಚೀಟಿ ಕಟ್ಟಿ, ಸಿಬ್ಬಂದಿಗೆ ಒಪ್ಪಿಸಬೇಕು. ಅವು ಕೋಣೆಯ ಬಾಗಿಲಿಗೆ ಬರುವುದು ಸಂಜೆ. ಕೆಲವೊಮ್ಮೆ ರಾತ್ರಿಯ ಊಟವೂ ಮುಗಿದ ಮೇಲೆ. ಕೋಣೆಗಳಾದರೂ ಸಾಮಾನ್ಯವಾಗಿ ಮಧ್ಯಾಹ್ನದ ಊಟದ ಹೊತ್ತಿನ ಬಳಿಕವೇ ಸಿದ್ಧವಾಗುತ್ತವೆ. ಅಲ್ಲಿಯವರೆಗೆ ಕೈಯಲ್ಲಿರುವ ಚೀಲವೇ ಮನೆ. ರಕ್ತದೊತ್ತಡ, ಮಧುಮೇಹದ ಔಷಧಿಗಳು, ವೈದ್ಯರ ಚೀಟಿ, ಪಾಸ್‌ಪೋರ್ಟ್, ಕನ್ನಡಕ, ಆಭರಣವೇನಾದರೂ ಇದ್ದರೆ ಅದು, ಒಂದು ಜೊತೆ ಬದಲಿ ಬಟ್ಟೆ, ಈಜುವವರಿಗೆ ಈಜುಡುಗೆ, ಮೊಬೈಲ್ ಫೋನಿನ ಚಾರ್ಜರ್ ಇವಿಷ್ಟೂ ಆ ಚೀಲದಲ್ಲಿರತಕ್ಕದ್ದು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಪೆಟ್ಟಿಗೆಯಲ್ಲಿಟ್ಟು ಒಪ್ಪಿಸುವುದು ಅಪಾಯಕಾರಿ.

ಪೆಟ್ಟಿಗೆಯಲ್ಲಿ ಇರಬಾರದ ವಸ್ತುಗಳ ಪಟ್ಟಿಯೂ ನಮ್ಮವರ ದೃಷ್ಟಿಯಿಂದ ಗಮನಾರ್ಹವಾದದ್ದು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ವಿದ್ಯುತ್ ಕೆಟಲ್, ಅನ್ನ ಮಾಡುವ ಕುಕ್ಕರ್, ಮೇಣದ ಬತ್ತಿ, ಊದುಬತ್ತಿ, ಕರ್ಪೂರ ಇವೆಲ್ಲ ನಿಷಿದ್ಧ. ಬೆಳಗಿನ ಕಾಫಿಗೆಂದು ಕಾಯಿಲನ್ನೂ, ಪೂಜೆಗೆಂದು ಊದುಬತ್ತಿಯನ್ನೂ ಒಯ್ಯುವುದು ನಮ್ಮ ಹಿರಿಯರ ರೂಢಿ. ಆದರೆ ಹಡಗಿನಲ್ಲಿ ಬೆಂಕಿ ಎಂಬುದು ನೀರಿಗಿಂತ ದೊಡ್ಡ ಭಯ. ನಡುಸಮುದ್ರದಲ್ಲಿ ಕಿಡಿಯೊಂದು ಹತ್ತಿಕೊಂಡರೆ ಓಡಿಹೋಗಲು ಬೀದಿಯಿಲ್ಲ, ಕರೆದೊಡನೆ ಬರುವ ಅಗ್ನಿಶಾಮಕ ದಳವಿಲ್ಲ. ಮನೆಯಲ್ಲಿ ಮಾಡಿದ ಚಕ್ಕುಲಿ, ಚಟ್ನಿಪುಡಿಗಳನ್ನು ಸಹ ಅನೇಕ ಕಂಪೆನಿಗಳು ಒಪ್ಪುವುದಿಲ್ಲ. ಅಂಗಡಿಯಿಂದ ತಂದ, ಮುದ್ರೆ ಒಡೆಯದ ಪೊಟ್ಟಣಗಳಿಗೆ ಅಡ್ಡಿ ಕಡಿಮೆ. ಸಸ್ಯಾಹಾರಿಗಳು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು, ಜೈನ ಆಹಾರದ ನಿಯಮವುಳ್ಳವರು ಟಿಕೆಟ್ ಕಾದಿರಿಸುವಾಗಲೇ ಅದನ್ನು ತಿಳಿಸಿ, ಹಡಗೇರಿದ ದಿನ ಊಟದ ಮನೆಯ ಮೇಲ್ವಿಚಾರಕನಿಗೆ ಇನ್ನೊಮ್ಮೆ ನೆನಪಿಸಿದರೆ ಸಾಕು.

ಏನು ಉಡಬೇಕು?

ಈಗ ಬಹುನಿರೀಕ್ಷಿತ ಪ್ರಶ್ನೆಗೆ ಬರೋಣ. ಹಡಗೇರುವ ದಿನ ಸಮಾರಂಭದ ದಿನವಲ್ಲ. ಅದು ನಡೆಯುವ, ನಿಲ್ಲುವ, ಮೆಟ್ಟಿಲು ಹತ್ತುವ ದಿನ. ಸೇತುವೆಯಂತಹ ಇಳಿಜಾರಿನ ದಾರಿಯಲ್ಲಿ ನಡೆದು ಒಳಹೋಗಬೇಕು, ಮೇಲಂತಸ್ತಿನ ಬಯಲಲ್ಲಿ ಗಾಳಿಗೆ ಎದುರಾಗಿ ನಿಲ್ಲಬೇಕು, ಮರುಗಳಿಗೆಯಲ್ಲೇ ಹವಾನಿಯಂತ್ರಿತ ಸಭಾಂಗಣದ ಚಳಿಯಲ್ಲಿ ಕೂರಬೇಕು. ಇಷ್ಟಕ್ಕೂ ಒದಗುವ ಯಾವ ಉಡುಪಾದರೂ ಸರಿಯೇ. ಹೆಂಗಸರಿಗೆ ಸಲ್ವಾರ್ ಕಮೀಜು ಅನುಕೂಲ. ಸೀರೆಯನ್ನೇ ಉಡುವವರು ಹಗುರವಾದ ಸೀರೆಯನ್ನು ಪಾದಕ್ಕಿಂತ ತುಸು ಮೇಲೆ ಉಟ್ಟು, ಸೆರಗಿಗೆ ಪಿನ್ನು ಹಾಕಿಕೊಂಡರೆ ಗಾಳಿಯ ಕಾಟವಿಲ್ಲ. ನನ್ನ ಪತ್ನಿ ಉಟ್ಟದ್ದು ದಿನನಿತ್ಯದ ಇಳಕಲ್ ಸೀರೆ. ಅದರ ಅಂಚಿನ ಬಗ್ಗೆ ಇಬ್ಬರು ವಿದೇಶಿ ಮಹಿಳೆಯರು ಬಂದು ವಿಚಾರಿಸಿದರೇ ವಿನಾ ನಕ್ಕವರು ಒಬ್ಬರೂ ಇಲ್ಲ. ಗಂಡಸರಿಗೆ ಹತ್ತಿಯ ಪ್ಯಾಂಟು, ಅರ್ಧತೋಳಿನ ಅಂಗಿ ಸಾಕು. ಒಂದು ಶಾಲು ಅಥವಾ ತೆಳು ಸ್ವೆಟರ್ ಎಲ್ಲರ ಕೈಚೀಲದಲ್ಲೂ ಇರಲಿ.

ಅಂದು ನಿಜವಾಗಿ ಗಮನ ಕೊಡಬೇಕಾದದ್ದು ಪಾದರಕ್ಷೆಗೆ. ಡೆಕ್ಕಿನ ನೆಲದ ಮೇಲೆ ಉಪ್ಪುನೀರಿನ ತೇವವಿರುತ್ತದೆ. ಚಪ್ಪಟೆಯಾದ, ರಬ್ಬರ್ ಅಟ್ಟೆಯ, ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ ಬೂಟು ಬೇಕು. ಅರವತ್ತು ದಾಟಿದವರಿಗೆ ಜಾರಿಬೀಳುವುದೆಂದರೆ ಪ್ರವಾಸ ಮುಗಿದಂತೆಯೇ. ಕೆಲವೊಮ್ಮೆ ಸ್ವತಂತ್ರವಾದ ಓಡಾಟವೂ ಮುಗಿದಂತೆ. ಮೊದಲ ರಾತ್ರಿಯ ಊಟಕ್ಕೆ ಕೋಟು, ಟೈಗಳ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಪೆಟ್ಟಿಗೆಗಳು ತಡವಾಗಿ ಬರುತ್ತವೆಂದು ಹಡಗಿನವರಿಗೂ ಗೊತ್ತು. ವಿಶೇಷ ಉಡುಪಿನ ಸಂಜೆ ಇದ್ದರೆ ಅದು ಮುಂದಿನ ದಿನಗಳಲ್ಲಿ ಬರುತ್ತದೆ. ಆದರೂ ಮೇಜಿನ ಮೇಲೆ ಬಡಿಸುವ ಊಟದ ಮನೆಗೆ ಚಡ್ಡಿ, ಹವಾಯಿ ಚಪ್ಪಲಿಗಳಲ್ಲಿ ಹೋಗದಿರುವುದು ಸಭ್ಯತೆ. ಉಡುಪಿನ ಅಧ್ಯಾಯ ಇಲ್ಲಿಗೆ ಮುಗಿಯಿತು.

ಮೊದಲ ಗಂಟೆಗಳು

ಒಳಗೆ ಕಾಲಿಟ್ಟೊಡನೆ ನಗು, ಸಂಗೀತ, ಭೋಜನದ ಸುವಾಸನೆ ಎದುರಾಗುತ್ತವೆ. ಹಣ ಮುಂಗಡವಾಗಿ ಕೊಟ್ಟಾಗಿದೆ ಎಂಬ ಕಾರಣಕ್ಕೆ ಮಧ್ಯಾಹ್ನವೇ ಹೊಟ್ಟೆಬಿರಿಯ ಉಂಡು, ಸಂಜೆ ಹಡಗು ತೂಗಾಡಲು ಆರಂಭಿಸಿದಾಗ ಸಂಕಟಪಡುವುದು ಜಾಣತನವಲ್ಲ. ಕೊಟ್ಟ ಹಣ ಉಂಡರೂ ಬಾರದು, ಉಣ್ಣದಿದ್ದರೂ ಬಾರದು. ಹಗುರವಾದ ಊಟ, ಸಾಕಷ್ಟು ನೀರು, ತಲೆ ಸುತ್ತಿದರೆ ತೆರೆದ ಗಾಳಿಯಲ್ಲಿ ನಿಂತು ದಿಗಂತವನ್ನು ನೋಡುವುದು, ಇವು ಸಮುದ್ರಪೀಡೆಗೆ ಹಳೆಯ ಉಪಾಯಗಳು. ಮಾತ್ರೆ ಬೇಕಾದವರು ವೈದ್ಯರನ್ನು ಊರಿನಲ್ಲಿಯೇ ಕೇಳಿ, ತಲೆ ಸುತ್ತುವ ಮೊದಲೇ ಅದನ್ನು ತೆಗೆದುಕೊಳ್ಳಬೇಕು. ಊಟಕ್ಕೆ ಮೊದಲು ಸಾಬೂನು ಹಚ್ಚಿ ಕೈ ತೊಳೆಯುವುದು ಕಡ್ಡಾಯವೆಂದೇ ತಿಳಿಯಬೇಕು. ಹಡಗುಗಳಲ್ಲಿ ವಾಂತಿಭೇದಿ ಹರಡುವ ನೋರೊ ವೈರಾಣುವಿಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮದಲ್ಲಿ ನಿಂತಿದ್ದ ‘ಡೈಮಂಡ್ ಪ್ರಿನ್ಸೆಸ್’ ಹಡಗಿನಲ್ಲಿ 700ಕ್ಕೂ ಹೆಚ್ಚು ಮಂದಿಗೆ ಕೋವಿಡ್ ಸೋಂಕು ತಗುಲಿದ್ದನ್ನು ನಾವು ಮರೆಯುವಂತಿಲ್ಲ.

ಮಾರಾಟದ ಒತ್ತಡ ಅತ್ಯಧಿಕವಾಗಿರುವುದೂ ಇದೇ ದಿನ. ಪಾನೀಯ, ಇಂಟರ್‌ನೆಟ್, ಮಾಲೀಸು, ವಿಶೇಷ ಭೋಜನಗಳ ಯೋಜನೆಗಳನ್ನು ನಗುಮುಖದಿಂದ ಮುಂದಿಡುತ್ತಾರೆ. ಹಡಗಿನೊಳಗೆ ನಗದು ಚಲಾವಣೆ ಇಲ್ಲ. ಕೊರಳಿಗೆ ಹಾಕಿಕೊಂಡ ಕಾರ್ಡೊಂದನ್ನು ತೋರಿಸಿದರೆ ಸಾಕು, ಲೆಕ್ಕ ಕೊನೆಯ ದಿನ ಬರುತ್ತದೆ. ಕೈಯಿಂದ ನೋಟು ಹೊರಹೋಗದಿದ್ದಾಗ ಖರ್ಚಿನ ನೋವು ತಿಳಿಯುವುದಿಲ್ಲ. ಸಿಬ್ಬಂದಿಗೆ ಸಲ್ಲುವ ದಿನದ ಭಕ್ಷೀಸು ಟಿಕೆಟಿನಲ್ಲಿ ಸೇರಿದೆಯೇ, ಈ ಲೆಕ್ಕಕ್ಕೆ ಬರುವುದೇ ಎಂದು ಮೊದಲ ದಿನವೇ ವಿಚಾರಿಸಿಕೊಳ್ಳುವುದು ಕ್ಷೇಮ. ಹಡಗು ದಡ ಬಿಡುವ ಮುನ್ನ ಮೊಬೈಲ್ ಫೋನನ್ನು ವಿಮಾನ ಸ್ಥಿತಿಗೆ ಬದಲಿಸುವುದನ್ನೂ ಮರೆಯಬಾರದು. ಸಮುದ್ರದ ನಡುವೆ ಉಪಗ್ರಹದ ಮೂಲಕ ಸಿಗುವ ಸಂಪರ್ಕದ ದರ ನಮ್ಮ ಎಣಿಕೆಗೆ ಮೀರಿದ್ದು.

ಮಸ್ಟರ್ ಎಂಬ ಹಾಜರಿ

ಇದೆಲ್ಲಕ್ಕೂ ಮಿಗಿಲಾದ ಕರ್ತವ್ಯ ಇನ್ನೊಂದಿದೆ. ಹಡಗಿನವರು ಅದನ್ನು ‘ಮಸ್ಟರ್ ಡ್ರಿಲ್’ ಎನ್ನುತ್ತಾರೆ. ಅಪಾಯದ ಗಂಟೆ ಬಾರಿಸಿದಾಗ ಯಾರು ಎಲ್ಲಿ ಸೇರಬೇಕು, ಜೀವರಕ್ಷಕ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕು ಎಂಬುದರ ಅಭ್ಯಾಸ ಅದು. ಏಳು ಚಿಕ್ಕ ಸೀಟಿಗಳು, ಅದರ ಬೆನ್ನಿಗೇ ಒಂದು ದೀರ್ಘ ಸೀಟಿ. ಇದು ಅಪಾಯದ ಸಂಕೇತ. ಸೇರಬೇಕಾದ ಜಾಗದ ಗುರುತು ಕೋಣೆಯ ಬಾಗಿಲ ಹಿಂಬದಿಯಲ್ಲಿಯೂ ಕಾರ್ಡಿನ ಮೇಲೆಯೂ ಇರುತ್ತದೆ. ಹಿಂದೆ ಎಲ್ಲರೂ ಒಂದೇ ಹೊತ್ತಿಗೆ ಸೇರಬೇಕಿತ್ತು. ಕೋವಿಡ್ ನಂತರ ಅನೇಕ ಹಡಗುಗಳಲ್ಲಿ ಪ್ರಯಾಣಿಕರು ಮೊಬೈಲಿನಲ್ಲೋ ಕೋಣೆಯ ಟಿ.ವಿ.ಯಲ್ಲೋ ಸುರಕ್ಷತೆಯ ಚಿತ್ರವನ್ನು ನೋಡಿ, ತಮಗೆ ಅನುಕೂಲವಾದ ವೇಳೆಯಲ್ಲಿ ಗೊತ್ತಾದ ಜಾಗಕ್ಕೆ ಖುದ್ದಾಗಿ ಹೋಗಿ ಕಾರ್ಡ್ ತೋರಿಸಿ ಬರುವ ಪದ್ಧತಿ ಬಂದಿದೆ.

ಈ ನಿಯಮದ ಹಿಂದೆ ಜೀವಗಳ ಬೆಲೆಯಿದೆ. 1912ರ ಏಪ್ರಿಲ್‌ನಲ್ಲಿ ‘ಟೈಟಾನಿಕ್’ ಮುಳುಗಿದಾಗ ಅದರಲ್ಲಿ ಸುಮಾರು 2,200 ಮಂದಿ ಇದ್ದರು. ಜೀವರಕ್ಷಕ ದೋಣಿಗಳಲ್ಲಿದ್ದ ಜಾಗ 1,178 ಮಂದಿಗೆ. ದೋಣಿಗಳ ಕೊರತೆಯ ಕಥೆ ಎಲ್ಲರಿಗೂ ಗೊತ್ತು. ಆದರೆ ಬದುಕಿ ಉಳಿದವರು ಸುಮಾರು 700 ಮಂದಿ ಮಾತ್ರ ಎಂಬುದನ್ನು ಗಮನಿಸಬೇಕು. ಅಂದರೆ ಇದ್ದ ಜಾಗವೂ ತುಂಬಲಿಲ್ಲ. ಕೆಲವು ದೋಣಿಗಳು ಅರ್ಧದಷ್ಟೂ ಜನರಿಲ್ಲದೆ ಇಳಿದವು. ಸಾಧನದ ಅಭಾವ ಒಂದು ಕಡೆಯಾದರೆ, ಅಭ್ಯಾಸದ ಅಭಾವ ಇನ್ನೊಂದು ಕಡೆ. ಈ ದುರಂತದ ಫಲವಾಗಿ 1914ರಲ್ಲಿ ಸಮುದ್ರದಲ್ಲಿ ಜೀವರಕ್ಷಣೆಯ ಕುರಿತ ಮೊದಲ ಅಂತರರಾಷ್ಟ್ರೀಯ ಒಪ್ಪಂದ ರೂಪುಗೊಂಡಿತು.

ಅದಾಗಿ ಸುಮಾರು ನೂರು ವರ್ಷಗಳ ಬಳಿಕ, 2012ರ ಜನವರಿ 13ರ ರಾತ್ರಿ, ‘ಕೋಸ್ಟಾ ಕಾಂಕಾರ್ಡಿಯಾ’ ಎಂಬ ನೌಕೆ ಇಟಲಿಯ ಜಿಲಿಯೊ ದ್ವೀಪದ ಬಳಿ ಬಂಡೆಗೆ ತಾಗಿ ವಾಲಿತು. 4,200ಕ್ಕೂ ಹೆಚ್ಚು ಜನರಿದ್ದ ಆ ಹಡಗಿನಲ್ಲಿ 32 ಮಂದಿ ಸತ್ತರು. ಅದೇ ಸಂಜೆ ಹಡಗನ್ನು ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಇನ್ನೂ ಸುರಕ್ಷತಾ ಅಭ್ಯಾಸವೇ ಆಗಿರಲಿಲ್ಲ. ಹತ್ತಿದ 24 ಗಂಟೆಗಳೊಳಗೆ ನಡೆಸಿದರೆ ಸಾಕೆಂದು ಆಗಿನ ನಿಯಮ ಹೇಳುತ್ತಿತ್ತು. ಹಡಗು ಬಂದರು ಬಿಟ್ಟ ಕೆಲವೇ ಗಂಟೆಗಳಲ್ಲಿ ಅಪಘಾತ ನಡೆಯಿತು. ಇದರ ನಂತರ ನಿಯಮ ಬದಲಾಯಿತು. 2015ರ ಜನವರಿ 1ರಿಂದ, ಹಡಗು ಹೊರಡುವ ಮುನ್ನ ಅಥವಾ ಹೊರಟೊಡನೆಯೇ ಹೊಸ ಪ್ರಯಾಣಿಕರ ಹಾಜರಿ ಮತ್ತು ಅಭ್ಯಾಸ ಕಡ್ಡಾಯವಾಗಿದೆ. ಹಡಗೇರುವ ದಿನಕ್ಕೆ ಈ ಕೆಲಸ ಸೇರಿಕೊಂಡದ್ದು ಹೀಗೆ.

‘ಮಸ್ಟರ್’ ಎಂಬ ಪದ ನನ್ನಂತಹವರಿಗೆ ಹೊಸದಲ್ಲ. ಸೇವೆಗೆ ಸೇರಿದ ಹೊಸದರಲ್ಲಿ, 1980ರ ದಶಕದ ಬರಗಾಲದಲ್ಲಿ, ಬಯಲುಸೀಮೆಯ ತಾಲ್ಲೂಕೊಂದರ ಪರಿಹಾರ ಕಾಮಗಾರಿಗಳ ಮಸ್ಟರ್ ರೋಲುಗಳನ್ನು ನಾನು ತಪಾಸಣೆ ಮಾಡುತ್ತಿದ್ದೆ. ಕೆರೆಯ ಏರಿಯ ಮೇಲೆ ನಲವತ್ತು ಜನ ಮಣ್ಣು ಹೊರುತ್ತಿದ್ದರೆ ಹಾಳೆಯ ಮೇಲೆ ಎಪ್ಪತ್ತು ಹೆಬ್ಬೆಟ್ಟುಗಳಿರುತ್ತಿದ್ದವು. ಹಾಗಾಗಿ ಹಾಳೆಯನ್ನು ಬದಿಗಿರಿಸಿ ಮೊದಲು ತಲೆ ಎಣಿಸುವುದನ್ನು ನಾನು ಅಲ್ಲಿ ಕಲಿತೆ. ಹಡಗಿನಲ್ಲಿ ಆ ಪಾಠ ಅನಿರೀಕ್ಷಿತವಾಗಿ ಎದುರಾಯಿತು. ನಮ್ಮ ಸರದಿಗೆ ಮುಂದೆ ನಿಂತಿದ್ದ ಯುವಕನೊಬ್ಬ, ನಮ್ಮ ದೇಶದವನೇ, ಮನೆಯವರ ಆರು ಕಾರ್ಡುಗಳನ್ನೂ ಒಟ್ಟಾಗಿ ಹಿಡಿದು ತಂದಿದ್ದ. ತಂದೆ ತಾಯಿಗೆ ಮಂಡಿನೋವು, ಉಳಿದವರು ಊಟಕ್ಕೆ ಕುಳಿತಿದ್ದಾರೆ, ಎಲ್ಲರ ಹಾಜರಿಯನ್ನೂ ಹಾಕಿಬಿಡಿ ಎಂಬುದು ಅವನ ವಾದ. ಅಲ್ಲಿದ್ದ ಸಿಬ್ಬಂದಿಯ ಹುಡುಗಿ ಐದು ಕಾರ್ಡುಗಳನ್ನು ವಿನಯದಿಂದಲೇ ಹಿಂದಿರುಗಿಸಿದಳು. ನಡೆಯಲಾಗದವರಿದ್ದರೆ ಗಾಲಿಕುರ್ಚಿ ಕಳುಹಿಸುವುದಾಗಿಯೂ, ಅಪಾಯ ಕಾಲದಲ್ಲಿ ಅವರ ನೆರವಿಗೆ ಜನ ನೇಮಿಸಲು ಅದನ್ನು ಈಗಲೇ ಬರೆದುಕೊಳ್ಳುವುದಾಗಿಯೂ ಹೇಳಿದಳು. ಯುವಕ ಗೊಣಗುತ್ತಲೇ ಹೋದ. ಅರ್ಧ ಗಂಟೆಯ ಬಳಿಕ ಆ ಹಿರಿಯರು ಗಾಲಿಕುರ್ಚಿಯಲ್ಲಿ ಬಂದದ್ದನ್ನು ನಾನು ಕಂಡೆ.

ಆ ಹುಡುಗಿ ಮಣಿದಿದ್ದರೆ ಆಗುತ್ತಿದ್ದದ್ದಾದರೂ ಏನು? ಬಹುಶಃ ಏನೂ ಇಲ್ಲ. ನೂರರಲ್ಲಿ ತೊಂಬತ್ತೊಂಬತ್ತಕ್ಕೂ ಹೆಚ್ಚು ಯಾನಗಳು ಸುಖವಾಗಿಯೇ ಮುಗಿಯುತ್ತವೆ. ಸುಳ್ಳು ಹಾಜರಿಯ ಅಪಾಯ ಅಡಗಿರುವುದೇ ಇಲ್ಲಿ: ಅದಕ್ಕೆ ಶಿಕ್ಷೆ ದಿನನಿತ್ಯ ಆಗುವುದಿಲ್ಲ. ಬರಗಾಲದ ಕಾಮಗಾರಿಯಲ್ಲಿ ಸುಳ್ಳು ಹೆಬ್ಬೆಟ್ಟಿನಿಂದ ಹೋಗುತ್ತಿದ್ದದ್ದು ಸರ್ಕಾರದ ಹಣ. ಹಡಗಿನಲ್ಲಿ ಅದರಿಂದ ಹೋಗುವುದು ಮಂಡಿನೋವಿನ ತಾಯಿಗೆ ತಾನು ಯಾವ ಮೆಟ್ಟಿಲನ್ನು ಹಿಡಿಯಬೇಕೆಂಬ ತಿಳಿವಳಿಕೆ. ಕತ್ತಲಲ್ಲಿ, ಲಿಫ್ಟು ಬಳಸಲಾಗದ ಗಳಿಗೆಯಲ್ಲಿ, ಆ ತಿಳಿವಳಿಕೆಯನ್ನು ಮಗ ತಂದುಕೊಡಲಾರ. ಆದ್ದರಿಂದ ಹಡಗೇರಿದವರು ಊಟಕ್ಕೂ ಮೊದಲು, ಕೋಣೆಗೂ ಮೊದಲು, ಇಡೀ ಕುಟುಂಬದೊಡನೆ ಆ ಜಾಗಕ್ಕೆ ನಡೆದುಹೋಗಬೇಕು. ಕೋಣೆ ಸಿಕ್ಕಿದ ಮೇಲೆ ಅಲ್ಲಿಂದ ಇನ್ನೊಮ್ಮೆ, ಮೆಟ್ಟಿಲುಗಳ ಮೂಲಕವೇ, ದಾರಿಯನ್ನು ನಡೆದು ನೋಡಬೇಕು. ನಾವು ಹಾಗೆ ಮಾಡಿದಾಗ ಹಿಡಿದದ್ದು ಹನ್ನೊಂದು ನಿಮಿಷ.

ತೆರೆಮರೆಯ ದುಡಿಮೆ

ಆ ಹುಡುಗಿಯಂತಹವರ ದಿನ ಹೇಗಿರುತ್ತದೆ ಎಂಬುದು ರಾತ್ರಿ ಊಟದ ಮನೆಯಲ್ಲಿ ತಿಳಿಯಿತು. ನಮಗೆ ಬಡಿಸಿದ ಯುವಕ ನಾವು ಕನ್ನಡ ಮಾತನಾಡುವುದನ್ನು ಕೇಳಿ, ತಾನು ಕುಂದಾಪುರದ ಕಡೆಯವನೆಂದು ಪರಿಚಯಿಸಿಕೊಂಡ. ಗೋವಾ, ಮುಂಬೈ, ಕರಾವಳಿ ಕರ್ನಾಟಕಗಳ ತರುಣರು ಹಡಗುಗಳಲ್ಲಿ ದುಡಿಯುವುದು ತಲೆಮಾರುಗಳಿಂದ ಬಂದ ಸಂಗತಿ. ಮುಂಜಾನೆ ಹಿಂದಿನ ಯಾನದ ಸಾವಿರಾರು ಜನರನ್ನು ಇಳಿಸಿ, ಕೆಲವೇ ಗಂಟೆಗಳಲ್ಲಿ ಕೋಣೆಗಳನ್ನೆಲ್ಲ ತೊಳೆದು, ಆಹಾರ ಸಾಮಗ್ರಿ ತುಂಬಿಸಿ, ಮಧ್ಯಾಹ್ನ ಹೊಸ ಸಾವಿರಾರು ಜನರನ್ನು ಎದುರುಗೊಳ್ಳಬೇಕು. ‘ಬೆಳಿಗ್ಗೆ ಮದುಮಗಳನ್ನು ಕಳುಹಿಸಿಕೊಟ್ಟು, ಮಧ್ಯಾಹ್ನ ಇನ್ನೊಂದು ದಿಬ್ಬಣಕ್ಕೆ ಚಪ್ಪರ ಹಾಕಿದ ಹಾಗೆ ಸಾರ್’ ಎಂದು ಆತ ನಕ್ಕ.

ಬಂದರಿನಲ್ಲಿ ಸುಮ್ಮನೆ ನಿಂತ ಹಡಗು ಮಾಲೀಕನಿಗೆ ನಷ್ಟ. ಆದ್ದರಿಂದಲೇ ಈ ಧಾವಂತ. ದೊಡ್ಡ ಕಂಪೆನಿಗಳ ಹಡಗುಗಳಲ್ಲಿ ಬಹುಪಾಲು ಬಹಾಮಾಸ್, ಪನಾಮಾ, ಬರ್ಮುಡಾದಂತಹ ನಾಡುಗಳ ಬಾವುಟ ಹಾರಿಸುತ್ತವೆ. ತೆರಿಗೆ, ಕಾರ್ಮಿಕ ಕಾನೂನುಗಳ ಅನುಕೂಲವೇ ಅದಕ್ಕೆ ಮುಖ್ಯ ಕಾರಣ. ನಾವಿಕ ಕಾರ್ಮಿಕರ ಕುರಿತ 2006ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪ್ರತಿಯೊಬ್ಬನಿಗೂ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಲ್ಲಬೇಕು. ಭಾರತವೂ 2015ರಲ್ಲಿ ಇದನ್ನು ಅಂಗೀಕರಿಸಿದೆ. ಈ ಅಂಕಿಗಳನ್ನು ತಿರುವಿ ನೋಡಿದರೆ ದಿನಕ್ಕೆ 14 ಗಂಟೆ ದುಡಿಸಿಕೊಳ್ಳುವುದಕ್ಕೂ ಕಾನೂನು ಅಡ್ಡ ಬರುವುದಿಲ್ಲ ಎಂದಾಗುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಕೋಣೆ ಸಿದ್ಧವಾಗಿಲ್ಲವೆಂದು ಸಿಡುಕುವ ಮುನ್ನ ಈ ಲೆಕ್ಕ ನಮ್ಮ ನೆನಪಿನಲ್ಲಿರಬೇಕು. ತಿಂಗಳುಗಟ್ಟಲೆ ಮನೆಯಿಂದ ದೂರವಿರುವ ಆ ಯುವಕನಿಗೆ ಎರಡು ಕನ್ನಡ ಮಾತುಗಳೇ ಸಂತೋಷ ಕೊಟ್ಟವು.

ನಮ್ಮ ದಡದಲ್ಲಿ

ಈ ಶಿಸ್ತನ್ನು ವಿದೇಶಿ ಹಡಗಿನಲ್ಲಿ ಕಂಡು ಮೆಚ್ಚಿ, ಊರಿಗೆ ಬಂದು ಮರೆಯುವುದಾದರೆ ಪ್ರಯೋಜನವಿಲ್ಲ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಜೀವ ತೆತ್ತರು. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ, ಹಿನ್ನೀರುಗಳ ಆಚೆ ದಡಗಳಿಗೆ ನಮ್ಮ ಜನ ದೋಣಿಗಳಲ್ಲಿ ಹೋಗುತ್ತಲೇ ಇದ್ದಾರೆ. ಅಲ್ಲೆಲ್ಲ ಹತ್ತುವ ಮೊದಲು ತಲೆ ಎಣಿಸುವುದು, ಪ್ರತಿಯೊಬ್ಬರ ಮೈಮೇಲೂ ಜಾಕೆಟ್ ಕಟ್ಟಿಸುವುದು, ಸಾಮರ್ಥ್ಯ ತುಂಬಿದೊಡನೆ ಮುಂದಿನವರನ್ನು ತಡೆಯುವುದು, ಈ ಮೂರಕ್ಕೆ ಕೋಟಿಗಟ್ಟಲೆ ರೂಪಾಯಿಯ ನಿಲ್ದಾಣ ಬೇಕಿಲ್ಲ. ಮುಖಕ್ಕೆ ಅಂಜದೆ ಐದು ಕಾರ್ಡುಗಳನ್ನು ಹಿಂದಿರುಗಿಸಬಲ್ಲ ಒಬ್ಬ ನೌಕರ ಬೇಕು; ಅವನನ್ನು ಬೆಂಬಲಿಸುವ ಮೇಲಧಿಕಾರಿ ಬೇಕು; ಹಿಂದಿರುಗಿಸಿದಾಗ ಸಿಟ್ಟಾಗದ ಪ್ರಯಾಣಿಕ ಬೇಕು. ಮೊದಲ ಇಬ್ಬರನ್ನು ಒದಗಿಸುವುದು ಸರ್ಕಾರದ ಹೊಣೆಯಾದರೆ, ಮೂರನೆಯವರು ನಾವೇ ಆಗಬೇಕು.

ಹೀಗಾಗಿ, ಮೊದಲ ಬಾರಿಗೆ ಹಡಗೇರಲು ಸಿದ್ಧರಾಗುತ್ತಿರುವ ಹಿರಿಯರಿಗೆ ನನ್ನ ಸಲಹೆ ಸರಳವಾದದ್ದು. ಮನೆಯಲ್ಲಿ ರೂಢಿಯಾಗಿರುವ ಉಡುಪನ್ನೇ ಉಡಿ, ಕಾಲಿಗೆ ಒಳ್ಳೆಯ ಬೂಟು ಹಾಕಿ, ಔಷಧಿಯನ್ನು ಕೈಯಲ್ಲಿಟ್ಟುಕೊಳ್ಳಿ. ಹಡಗಿನ ಒಳಹೊಕ್ಕ ಮೇಲೆ ಯಾರೇ ಊಟಕ್ಕೆ ಕರೆದರೂ, ಮೊದಲು ನಿಮ್ಮ ಹಾಜರಿಯನ್ನು ನೀವೇ ಹಾಕಿ ಬನ್ನಿ.